ಕಡಲಾಮೆಗೆ ಮುಂದಿನ ಉಸಿರು ಎಲ್ಲಿ? ವಿದ್ಯುತ್ ಸ್ಥಾವರಗಳ ಇಂಟೇಕ್ ಬಳಿ ಆಮೆಗಳನ್ನು ಕಾಪಾಡುವ ಬಗೆ

ಕರಾವಳಿಯ ವಿದ್ಯುತ್ ಸ್ಥಾವರಗಳು, ಅವು ಕಲ್ಲಿದ್ದಲಿನವಾಗಿರಲಿ ಪರಮಾಣು ಸ್ಥಾವರಗಳಾಗಿರಲಿ, ಟರ್ಬೈನನ್ನು ತಿರುಗಿಸಿ ಹೊರಬಂದ ಹಬೆಯನ್ನು ಮತ್ತೆ ನೀರಾಗಿಸುವುದಕ್ಕೆ ಹಗಲೂ ರಾತ್ರಿಯೂ ಸಮುದ್ರದ ನೀರನ್ನು ಸೇದುತ್ತಲೇ ಇರುತ್ತವೆ. ಆ ನೀರಿನ ಸೆಳೆತಕ್ಕೆ ಸಿಕ್ಕಿ ಮೀನು, ಸಿಗಡಿ, ಪಾಚಿ, ಜೆಲ್ಲಿಮೀನುಗಳ ಜೊತೆಗೆ ಕಡಲಾಮೆಗಳೂ ಒಳಗೆ ಬರುತ್ತವೆ. ಮೀನಿಗೂ ಆಮೆಗೂ ಇಲ್ಲಿ ಇರುವ ವ್ಯತ್ಯಾಸವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು: ಆಮೆ ಕಡಲಿನಲ್ಲೇ ಬಾಳಿದರೂ ಶ್ವಾಸಕೋಶದಿಂದ ಗಾಳಿಯನ್ನು ಉಸಿರಾಡುವ ಪ್ರಾಣಿ. ನೆಮ್ಮದಿಯಾಗಿ ತಳದಲ್ಲಿ ಮಲಗಿದ್ದರೆ ಅದು ಗಂಟೆಗಟ್ಟಲೆ ಮುಳುಗಿರಬಲ್ಲದು. ಆದರೆ ಬಲೆಗೋ ಸರಳಿಗೋ ಸಿಕ್ಕಿ ಕೊಸರಾಡತೊಡಗಿದರೆ ಮೈಯಲ್ಲಿದ್ದ ಆಮ್ಲಜನಕ ಬೇಗನೆ ಮುಗಿದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಅದು ಉಸಿರುಕಟ್ಟಿ ಸಾಯುತ್ತದೆ. ಆಮೆ ತಪ್ಪಿಸಿಕೊಳ್ಳುವ ಸಾಧನವಿಲ್ಲದ ಟ್ರಾಲ್ ಬಲೆಗಳನ್ನು ಎಳೆಯಲು ಅವಕಾಶವಿರುವ ಸಂದರ್ಭಗಳಲ್ಲಿ ಅಮೆರಿಕದ ನಿಯಮಗಳು ಒಮ್ಮೆ ಬಲೆ ಎಳೆಯುವ ಅವಧಿಗೆ ಬೇಸಿಗೆಯ ತಿಂಗಳುಗಳಲ್ಲಿ 55 ನಿಮಿಷ, ಚಳಿಗಾಲದಲ್ಲಿ 75 ನಿಮಿಷ ಎಂದು ಮಿತಿ ಹಾಕಿರುವುದು ಈ ಕಾರಣಕ್ಕೇ.

ಆದ್ದರಿಂದ ಇಂಟೇಕಿನ, ಎಂದರೆ ಸ್ಥಾವರ ಸಮುದ್ರದ ನೀರನ್ನು ಒಳಗೆ ತೆಗೆದುಕೊಳ್ಳುವ ವ್ಯವಸ್ಥೆಯ, ವಿನ್ಯಾಸ ಮಾಡುವವರು, ಪಂಪ್‌ಹೌಸ್‌ನಲ್ಲಿ ಶಿಫ್ಟ್ ನೋಡಿಕೊಳ್ಳುವವರು, ಪರಿಸರ ವಿಭಾಗದವರು, ಅರಣ್ಯ ಇಲಾಖೆಯವರು ಹಾಗೂ ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೇಳಬೇಕಾದದ್ದನ್ನು ಕೇಳಲು ಬಯಸುವ ಊರಿನವರು, ಎಲ್ಲರೂ ಹಂತಹಂತಕ್ಕೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಈ ಜಾಗಕ್ಕೆ ಬಂದ ಆಮೆಗೆ ಮುಂದಿನ ಉಸಿರು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿನಲ್ಲಿ ಸಿಗುತ್ತದೆ? ಈ ಪ್ರಶ್ನೆಗೆ ಉತ್ತರವಿಲ್ಲದ ಯಾವ ಸಾಧನವೂ, ಅದಕ್ಕೆ ಎಷ್ಟೇ ಹಣ ಸುರಿದಿದ್ದರೂ, ರಕ್ಷಣೆ ಎನಿಸಿಕೊಳ್ಳುವುದಿಲ್ಲ.

ಈ ವಿಷಯದಲ್ಲಿ ಅತಿ ದೀರ್ಘ ಅನುಭವವಿರುವ ಜಾಗಗಳಲ್ಲಿ ಒಂದು ಅಮೆರಿಕದ ಫ್ಲಾರಿಡಾದಲ್ಲಿದೆ. ಅಲ್ಲಿನ ಹಚಿನ್ಸನ್ ದ್ವೀಪದಲ್ಲಿರುವ ಸೇಂಟ್ ಲೂಸಿ ಪರಮಾಣು ಸ್ಥಾವರದ ಮೊದಲ ಘಟಕ 1976ರಲ್ಲೂ ಎರಡನೆಯದು 1983ರಲ್ಲೂ ವಿದ್ಯುತ್ ಉತ್ಪಾದನೆ ಆರಂಭಿಸಿದವು. ಆ ದ್ವೀಪದ ಮರಳು ಕಡಲಾಮೆಗಳು ದಟ್ಟವಾಗಿ ಮೊಟ್ಟೆಯಿಡುವ ತೀರ. ಮುಂದಿರುವ ಸಮುದ್ರ ಎಳೆಯ ಹಸಿರು ಆಮೆಗಳೂ ಲಾಗರ್‌ಹೆಡ್ ಆಮೆಗಳೂ ಮೇಯುವ ಜಾಗ. ಲೆದರ್‌ಬ್ಯಾಕ್, ಹಾಕ್ಸ್‌ಬಿಲ್, ಕೆಂಪ್ಸ್ ರಿಡ್ಲಿ ಸೇರಿ ಒಟ್ಟು ಐದು ಜಾತಿಯ ಆಮೆಗಳು ಆ ಸ್ಥಾವರದ ಕಾಲುವೆಯೊಳಗೆ ಸಿಕ್ಕಿವೆ. ಇಷ್ಟು ವರ್ಷಗಳಲ್ಲಿ ಸಾವಿರಾರು ಆಮೆಗಳನ್ನು ಹಿಡಿದು, ಅಳೆದು, ಗುರುತು ಹಾಕಿ ಮತ್ತೆ ಕಡಲಿಗೆ ಬಿಟ್ಟಿದ್ದಾರೆ. ಮುಂದೆ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಅಲ್ಲಿ ತಪ್ಪುತ್ತಾ, ತಿದ್ದಿಕೊಳ್ಳುತ್ತಾ ಕಲಿತವು.

ಆಮೆ ಒಳಗೆ ಬರುವುದೇಕೆ

ಸೇಂಟ್ ಲೂಸಿಯಲ್ಲಿ ನೀರು ಸೇದುವ ಬಾಯಿಗಳು ದಡದಲ್ಲಿಲ್ಲ. ದಡದಿಂದ ಸುಮಾರು 365 ಮೀಟರ್ ದೂರದಲ್ಲಿ ಕಡಲ ತಳದ ಮೇಲೆ ನಿಂತಿವೆ. ಅಲ್ಲಿಂದ ಮೂರು ಕೊಳವೆಗಳು, 3.7 ಮೀಟರ್ ವ್ಯಾಸದ ಎರಡು ಮತ್ತು 4.9 ಮೀಟರ್ ವ್ಯಾಸದ ಒಂದು, ಮರಳ ದಿಬ್ಬದ ಕೆಳಗೆ ಹಾದು ಒಳಗಿನ ಕಾಲುವೆಗೆ ನೀರನ್ನು ತರುತ್ತವೆ. ಪ್ರತಿ ಬಾಯಿಯ ಮೇಲೂ ಕಾಂಕ್ರೀಟಿನ ಒಂದು ಚಪ್ಪಟೆ ಮುಚ್ಚಳವಿದೆ. ಇದನ್ನು ವೆಲಾಸಿಟಿ ಕ್ಯಾಪ್ ಎನ್ನುತ್ತಾರೆ. ಮುಚ್ಚಳವಿಲ್ಲದಿದ್ದರೆ ನೀರು ಮೇಲಿನಿಂದ ಕೆಳಕ್ಕೆ ಸುಳಿಯಂತೆ ಇಳಿಯುತ್ತದೆ, ಮೇಲಿಂದ ಕೆಳಗೆಳೆಯುವ ಸೆಳೆತವನ್ನು ಮೀನು ಸರಿಯಾಗಿ ಗುರುತಿಸಲಾರದು; ಮುಚ್ಚಳವಿದ್ದರೆ ನೀರು ಅಡ್ಡವಾಗಿ ಹರಿದು ಒಳಸೇರುವುದರಿಂದ ಮೀನಿಗೆ ಸೆಳೆತ ಗೊತ್ತಾಗಿ ಅದು ದೂರ ಸರಿಯುತ್ತದೆ.

ಮೀನಿಗೆ ನೆರವಾಗುವ ಈ ಉಪಾಯ ಆಮೆಯನ್ನು ದೂರವಿಡುವುದಿಲ್ಲ. ಬೋಳು ಮರಳಿನ ತಳದಲ್ಲಿ ನಿಂತ ಕಾಂಕ್ರೀಟಿನ ಕಟ್ಟಡಕ್ಕೆ ಕೆಲವೇ ತಿಂಗಳಲ್ಲಿ ಪಾಚಿ ಹಿಡಿಯುತ್ತದೆ, ಚಿಪ್ಪುಜೀವಿಗಳು ಅಂಟುತ್ತವೆ, ಏಡಿಗಳು ಸೇರಿಕೊಳ್ಳುತ್ತವೆ. ಹಸಿರು ಆಮೆಗೆ ಪಾಚಿ ಮೇವು. ಲಾಗರ್‌ಹೆಡ್‌ಗೆ ಏಡಿ ಮತ್ತು ಚಿಪ್ಪುಜೀವಿಗಳು ಆಹಾರ. ಮುಚ್ಚಳದ ಕೆಳಗಿನ ನೆರಳು ಬಂಡೆಯ ಸಂದಿನಂತೆ ಮಲಗಲು ಅನುಕೂಲವಾದ ಜಾಗವಾಗಿ ಕಾಣುತ್ತದೆ. ಆಮೆ ನೀರಿನ ಹೊಡೆತಕ್ಕೆ ಸಿಕ್ಕಿ ಮಾತ್ರ ಒಳಗೆ ಬರುವುದಿಲ್ಲ, ತಾನಾಗಿಯೇ ಆಶ್ರಯ ಹುಡುಕಿಕೊಂಡೂ ಬರುತ್ತದೆ ಎಂಬುದನ್ನು ವಿನ್ಯಾಸಕಾರರು ಒಪ್ಪಿಕೊಳ್ಳಬೇಕು. ಒಮ್ಮೆ ಕೊಳವೆಯೊಳಗೆ ಹೊಕ್ಕರೆ ಎದುರು ಈಜಿ ಹಿಂತಿರುಗುವಂತಿಲ್ಲ. ಕತ್ತಲಲ್ಲಿ ಕೆಲವು ನಿಮಿಷ ಉರುಳಿಕೊಂಡು ಸಾಗಿ, ಕೊನೆಗೆ ಬಿಸಿಲಿರುವ ಕಾಲುವೆಯಲ್ಲಿ ತಲೆಯೆತ್ತಿ ಉಸಿರೆಳೆದುಕೊಳ್ಳುತ್ತದೆ. ಬಹುಪಾಲು ಆಮೆಗಳು ಈ ಪ್ರಯಾಣದಲ್ಲಿ ಬದುಕಿ ಉಳಿಯುವುದು ಕೊಳವೆಯ ಮಧ್ಯದಲ್ಲಿ ಅವನ್ನು ಹಿಡಿದು ನಿಲ್ಲಿಸುವಂಥದು ಏನೂ ಇಲ್ಲದಿರುವುದರಿಂದ.

ಹಾಗೆಂದು ಕೊಳವೆ ನಿರಪಾಯಕಾರಿಯೂ ಅಲ್ಲ. ಒಳಗೋಡೆಗೆ ಬಾರ್ನಕಲ್ ಎಂಬ ಅಂಟಿಕೊಳ್ಳುವ ಚಿಪ್ಪಿನ ಜೀವಿಗಳು ಗಟ್ಟಿಯಾಗಿ ಬೆಳೆದುಕೊಂಡರೆ ಅವುಗಳ ಅಂಚು ಅಲಗಿನಷ್ಟು ಹರಿತ. ನೀರಿನ ರಭಸಕ್ಕೆ ಗೋಡೆಗೆ ತಾಗುತ್ತಾ ಬರುವ ಆಮೆಯ ಹೊಟ್ಟೆಚಿಪ್ಪಿನ ಮೇಲೆ, ಕತ್ತಿನ ಕೆಳಗೆ, ಈಜುಗಾಲುಗಳ ಬುಡದಲ್ಲಿ ಗೀರುಗಾಯಗಳಾಗುತ್ತವೆ. ಕಾಲುವೆಯಲ್ಲಿ ಹಿಡಿದ ಆಮೆಗಳಲ್ಲಿ ಹೊಸ ಗೀರುಗಳು ಹೆಚ್ಚುತ್ತಿವೆ ಎಂದರೆ ಕೊಳವೆಯನ್ನು ಶುಚಿಗೊಳಿಸುವ ಕಾಲ ಬಂದಿದೆ ಎಂದು ತಿಳಿಯಬೇಕು.

ಮೊದಲು ನೀರಿನ ವೇಗ

ಹೊಸ ಸ್ಥಾವರವಾದರೆ ಕೆಲಸ ಲೆಕ್ಕದಿಂದ ಆರಂಭವಾಗಬೇಕು. 1000 ಮೆಗಾವಾಟ್ ವಿದ್ಯುತ್ ಕೊಡುವ ಒಂದು ಪರಮಾಣು ಘಟಕ ಸರಿಸುಮಾರು 2000 ಮೆಗಾವಾಟ್‌ನಷ್ಟು ಶಾಖವನ್ನು ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನ ಮೂಲಕ ಹೊರಹಾಕಬೇಕಾಗುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.1 ಮೆಗಾಜೌಲ್ ಶಾಖ ಬೇಕು. ನೀರು 10 ಡಿಗ್ರಿ ಬಿಸಿಯಾಗಲು ಬಿಟ್ಟರೆ ಸೆಕೆಂಡಿಗೆ ಸುಮಾರು 49 ಘನ ಮೀಟರ್ ನೀರು ಸಾಕು. 7 ಡಿಗ್ರಿ ಮಾತ್ರ ಬಿಸಿಯಾಗಬೇಕೆಂದರೆ ಸುಮಾರು 70 ಘನ ಮೀಟರ್ ಬೇಕು. ಸಮುದ್ರದ ನೀರನ್ನು ಬಳಸುವ ಉಷ್ಣ ಸ್ಥಾವರಗಳು ತಾವು ನೀರು ಬಿಡುವ ಜಲರಾಶಿಯ ತಾಪವನ್ನು 7 ಡಿಗ್ರಿಗಿಂತ ಹೆಚ್ಚು ಏರಿಸಬಾರದೆಂದು ನಮ್ಮ ದೇಶದ ನಿಯಮವಿದೆ. ಅದು ಸರಿಯಾದ ನಿಯಮವೇ. ಆದರೆ ಹೊರಬಿಡುವ ಕಡೆ ಶಾಖ ತಗ್ಗಿಸಲು ಹೆಚ್ಚು ನೀರನ್ನು ಸೇದುವ ದಾರಿ ಹಿಡಿದರೆ, ಒಳತೆಗೆದುಕೊಳ್ಳುವ ಕಡೆ ಜೀವಿಗಳ ಮೇಲಿನ ಒತ್ತಡ ಅದೇ ಪ್ರಮಾಣದಲ್ಲಿ ಏರುತ್ತದೆ. ಪರಿಸರ ವರದಿಗಳಲ್ಲಿ ಈ ಎರಡು ಲೆಕ್ಕಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಬರೆದು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬಿಡಬಾರದು. ಎದುರುಬದುರು ಇಟ್ಟು ನೋಡಬೇಕು.

ಇನ್ನು ವೇಗ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2014ರಲ್ಲಿ ಈಗಾಗಲೇ ಇರುವ ಸ್ಥಾವರಗಳಿಗೆ ಮಾಡಿದ ನಿಯಮದಲ್ಲಿ, ಜೀವಿಗಳು ಇಂಟೇಕಿನಲ್ಲಿ ಕಸ ತಡೆಯಲು ಇಟ್ಟ ಜರಡಿಗೆ ಒತ್ತಿಕೊಂಡು ಸಾಯುವುದನ್ನು ತಡೆಯಲು ಒಪ್ಪಿತವಾದ ದಾರಿಗಳಲ್ಲೊಂದು ಜರಡಿಯ ಮೂಲಕ ಹಾಯುವ ನೀರಿನ ವೇಗವನ್ನು ಸೆಕೆಂಡಿಗೆ ಅರ್ಧ ಅಡಿಗೆ, ಎಂದರೆ ಸುಮಾರು 0.15 ಮೀಟರಿಗೆ, ಮಿತಿಗೊಳಿಸುವುದು. ಈ ಮಿತಿಯನ್ನು ಮುಖ್ಯವಾಗಿ ಮೀನುಗಳನ್ನು ನೋಡಿ ಗೊತ್ತುಮಾಡಿದ್ದರೂ ಆಮೆಗೂ ಇದು ಒಳ್ಳೆಯ ಗುರಿ, ಏಕೆಂದರೆ ಇಷ್ಟು ನಿಧಾನವಾದ ಹರಿವಿನಲ್ಲಿ ಆರೋಗ್ಯವಾದ ಆಮೆ ಸರಳಿಗೆ ಮೈಯೊಡ್ಡಿದರೂ ತಿರುಗಿ ಈಜಿಹೋಗಬಲ್ಲದು. ಸೆಕೆಂಡಿಗೆ 70 ಘನ ಮೀಟರ್ ನೀರನ್ನು 0.15 ಮೀಟರ್ ವೇಗದಲ್ಲಿ ಸೇದಬೇಕೆಂದರೆ ಬಾಯಿಯ ತೆರೆದ ವಿಸ್ತಾರ ಸುಮಾರು 467 ಚದರ ಮೀಟರ್ ಇರಬೇಕು. ಐದು ಮೀಟರ್ ಎತ್ತರದ ಬಾಯಿಯಾದರೆ ಅದರ ಉದ್ದ 93 ಮೀಟರ್. ಸರಳುಗಳ ದಪ್ಪವನ್ನು ಇದರಲ್ಲಿ ಕಳೆಯಬೇಕು, ಪಾಚಿ ಕಟ್ಟಿಕೊಂಡು ಮುಚ್ಚಿಹೋಗುವ ಪಾಲನ್ನೂ ಕಳೆಯಬೇಕು. ಅರ್ಧ ಬಾಯಿ ಮುಚ್ಚಿಹೋದರೆ ಉಳಿದರ್ಧದಲ್ಲಿ ವೇಗ ಇಮ್ಮಡಿಯಾಗುತ್ತದೆ. ಕಾಗದದ ಮೇಲೆ 0.15 ಎಂದು ತೋರಿಸಿ, ಕಡಲಿನಲ್ಲಿ ಅದರ ಎರಡು ಮೂರು ಪಟ್ಟು ವೇಗದಲ್ಲಿ ಎಳೆಯುವ ಇಂಟೇಕ್ ಆಮೆಯ ಪಾಲಿಗೆ ಉರುಳೇ ಆಗುತ್ತದೆ. ಆದ್ದರಿಂದ ವೇಗವನ್ನು ವಿನ್ಯಾಸದ ದಿನ ಲೆಕ್ಕ ಹಾಕಿದರೆ ಸಾಲದು, ಪ್ರತಿ ಋತುವಿನಲ್ಲೂ ಮುಳುಗುಗಾರರಿಂದ ಅಳೆಸಬೇಕು.

ಒಮ್ಮೆ ಬಳಸಿದ ನೀರನ್ನು ಹಾಗೇ ಕಡಲಿಗೆ ಬಿಡುವ ಬದಲು ಕೂಲಿಂಗ್ ಟವರ್‌ನಲ್ಲಿ ತಣಿಸಿ ಮತ್ತೆ ಬಳಸುವುದು ಇದೆಲ್ಲಕ್ಕಿಂತ ಮೇಲಾದ ಉಪಾಯ. ಸೇದುವ ನೀರಿನ ಬಹುಪಾಲು ಅದರಿಂದ ಉಳಿಯುತ್ತದೆ. ಹೊಸದಾಗಿ ಕಟ್ಟುವವರು ಇದನ್ನು ಮೊದಲ ಆಯ್ಕೆಯಾಗಿ ಪರಿಶೀಲಿಸಬೇಕು.

ಬಾಯಿಗೆ ಸರಳು ಹಾಕುವ ಮುನ್ನ

ಆಮೆ ಒಳಗೆ ಬರುತ್ತದೆ ಎಂದ ಕೂಡಲೇ ಎಲ್ಲರಿಗೂ ಹೊಳೆಯುವ ಪರಿಹಾರ ಬಾಯಿಗೆ ಕಬ್ಬಿಣದ ಸರಳು ಹಾಕುವುದು. ವೇಗ ಕಡಿಮೆಯಿರುವ ಬಾಯಿಗೆ ಇದು ಒಳ್ಳೆಯದೇ. ವೇಗ ಹೆಚ್ಚಿರುವ ಬಾಯಿಗೆ, ಅದೂ ಏಳೆಂಟು ಮೀಟರ್ ನೀರಿನಡಿಯಲ್ಲಿ, ಸರಳು ಹಾಕಿದರೆ ಆಮೆ ಸರಳಿಗೆ ಒತ್ತಿಕೊಂಡು ಅಲ್ಲೇ ಉಳಿಯುತ್ತದೆ. ಮೇಲೆ ಗಾಳಿಯಿದ್ದರೂ ಅದಕ್ಕೆ ಎಟುಕುವುದಿಲ್ಲ, ನೋಡುವವರೂ ಇರುವುದಿಲ್ಲ. ಸರಳಿಲ್ಲದಿದ್ದರೆ ಕಾಲುವೆಗೆ ಬಂದು ಬದುಕಬಹುದಾಗಿದ್ದ ಆಮೆ ಸರಳಿನ ಕಾರಣಕ್ಕೇ ಸತ್ತಂತಾಗುತ್ತದೆ. ಕಾಲುವೆಯಲ್ಲಿ ಸಿಗುವ ಆಮೆಗಳ ಸಂಖ್ಯೆ ಇಳಿದದ್ದನ್ನು ಕಂಡು ಸ್ಥಾವರದವರು ರಕ್ಷಣೆ ಯಶಸ್ವಿಯಾಯಿತು ಎಂದು ಬರೆದುಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಸರಳು ಹಾಕುವುದಾದರೆ ಮೊದಲು ಬಾಯಿಯನ್ನು ಹಿಗ್ಗಿಸಿ ವೇಗ ಇಳಿಸಬೇಕು. ಅನಂತರ ಒಂದು ಬಾಯಿಗೆ ಮಾತ್ರ ಹಾಕಿ, ನೀರಿನಡಿಯ ಕ್ಯಾಮೆರಾದಿಂದ ಹಗಲೂ ರಾತ್ರಿಯೂ ಗಮನಿಸಿ, ಒತ್ತಿಕೊಂಡ ಆಮೆ ತಾನಾಗಿ ಬಿಡಿಸಿಕೊಳ್ಳುತ್ತದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ಉಳಿದ ಬಾಯಿಗಳ ಮಾತು.

ದಡದಲ್ಲೇ ನೀರು ಸೇದುವ ಸ್ಥಾವರಗಳ ಕಥೆ ಬೇರೆ. ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್ ಸ್ಥಾವರದಲ್ಲಿ, ಅದು 2018ರಲ್ಲಿ ಮುಚ್ಚುವವರೆಗೂ, ಪಂಪ್‌ಗಳ ಮುಂದಿನ ಕಸತಡೆಯ ಸರಳುಗಳಲ್ಲಿ ಅಳಿವಿನಂಚಿನಲ್ಲಿರುವ ಕೆಂಪ್ಸ್ ರಿಡ್ಲಿ ಆಮೆಗಳು ಸಿಗುತ್ತಿದ್ದವು. ಅಂಥ ಕಡೆ ಸರಳುಗಳನ್ನು ಪರೀಕ್ಷಿಸುವ ಅವಧಿಯೇ ಆಮೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಶಿಫ್ಟಿಗೊಮ್ಮೆ ಇಣುಕಿ ನೋಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕುವ ಪದ್ಧತಿ ಮೊದಲ ಪ್ಯಾರಾದಲ್ಲಿ ಹೇಳಿದ 55 ನಿಮಿಷದ ಮಿತಿಯ ಎದುರು ಯಾವ ಪ್ರಯೋಜನಕ್ಕೂ ಬಾರದು. ಆಮೆಗಳು ಓಡಾಡುವ ತಿಂಗಳುಗಳಲ್ಲಿ ಸರಳಿನ ಮುಂದಿನ ನೀರಿನ ಮೇಲ್ಮೈಯನ್ನು ದೀಪ ಹಾಕಿ ಬಿಡದೆ ಕಾಯಬೇಕು. ಸರಳಿನ ಬುಡದವರೆಗೂ ಕಸವನ್ನು ಕೆರೆದು ತೆಗೆಯುತ್ತಿರಬೇಕು, ಏಕೆಂದರೆ ಕಸದ ಹಿಂದೆ ಅಡಗಿದ ಆಮೆ ಮೇಲಿನಿಂದ ಕಾಣುವುದಿಲ್ಲ.

ತಡೆಬಲೆ

ಕಾಲುವೆಯಿರುವ ಸ್ಥಾವರಗಳಲ್ಲಿ ಆಮೆ ಪಂಪ್‌ಹೌಸ್ ತಲುಪದಂತೆ ತಡೆಯುವುದು ಅಡ್ಡಲಾಗಿ ಕಟ್ಟಿದ ಬಲೆ. ಸೇಂಟ್ ಲೂಸಿಯಲ್ಲಿ 1978ರಿಂದ ಎಂಟು ಇಂಚು, ಎಂದರೆ 20.3 ಸೆಂಟಿಮೀಟರ್ ಕಣ್ಣಿನ ಬಲೆ ಇತ್ತು. ದೊಡ್ಡ ಲಾಗರ್‌ಹೆಡ್‌ಗಳಿಗೆ ಅದು ಸಾಕಾಗುತ್ತಿತ್ತು; ಆದರೆ ಎಳೆಯ ಹಸಿರು ಆಮೆಗಳು ಆ ಕಣ್ಣಿನಲ್ಲಿ ನುಸುಳಿ ಪಂಪ್‌ಗಳತ್ತ ಹೋಗತೊಡಗಿದವು. 1990ರ ದಶಕದಲ್ಲಿ ಎಳೆಯ ಹಸಿರು ಆಮೆಗಳ ಸಂಖ್ಯೆ ಬಹಳವಾಗಿ ಏರಿದಾಗ, 1996ರ ಆರಂಭದಲ್ಲಿ ಕಡಲಿನ ಕಡೆಗೆ ಇನ್ನಷ್ಟು ಹತ್ತಿರದಲ್ಲಿ ಐದು ಇಂಚು, ಎಂದರೆ 12.7 ಸೆಂಟಿಮೀಟರ್ ಕಣ್ಣಿನ ಹೊಸ ಬಲೆ ಕಟ್ಟಿದರು. ಇದರಿಂದ ಎರಡು ಲಾಭ: ಸಣ್ಣ ಆಮೆಯೂ ತಡೆಯಲ್ಪಡುತ್ತದೆ, ಆಮೆ ಓಡಾಡುವ ಜಾಗ ಚಿಕ್ಕದಾಗಿ ಹಿಡಿಯುವುದೂ ಬೇಗ ಆಗುತ್ತದೆ.

ಬಲೆಯ ಕಣ್ಣನ್ನು ಆರಿಸುವಾಗ ಚೌಕದ ಬದಿಯನ್ನಲ್ಲ, ಕರ್ಣವನ್ನು ನೋಡಬೇಕು. 12.7 ಸೆಂಟಿಮೀಟರ್ ಚೌಕದ ಕರ್ಣ ಸುಮಾರು 18 ಸೆಂಟಿಮೀಟರ್. ಓರೆಯಾಗಿ ತಿರುಗಿದ ಆಮೆಯ ಮೈ ಅಷ್ಟರಲ್ಲಿ ಹಾಯ್ದುಹೋಗಬಹುದು. ನಿಮ್ಮ ಕಡಲಿನಲ್ಲಿ ಸಿಗುವ ಅತಿ ಚಿಕ್ಕ ಆಮೆಯ ಚಿಪ್ಪಿನ ಅಗಲ ಎಷ್ಟೆಂದು ಮೊದಲು ತಿಳಿದುಕೊಂಡು, ಕರ್ಣ ಅದಕ್ಕಿಂತ ಚಿಕ್ಕದಾಗುವಂತೆ ಕಣ್ಣನ್ನು ಗೊತ್ತುಮಾಡಬೇಕು.

ಬಲೆಯನ್ನು ನೇರ ಗೋಡೆಯಂತೆ ನಿಲ್ಲಿಸಬಾರದು. ಅದರ ಬುಡವನ್ನು ಕಡಲಿನ ಕಡೆಗೆ ಮುಂದಕ್ಕೆ ಬಿಗಿದು, ಮೇಲಂಚನ್ನು ಪಂಪ್‌ಹೌಸ್ ಕಡೆಗೆ ಹಿಂದಕ್ಕೆ ಸರಿಸಿ, ಸುಮಾರು ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಕಟ್ಟಬೇಕು. ಹೀಗೆ ಕಟ್ಟಿದ ಬಲೆಗೆ ಆಮೆ ಒತ್ತಿಕೊಂಡರೆ ನೀರಿನ ತಳ್ಳುವಿಕೆಯೇ ಅದನ್ನು ಬಲೆಯ ಮೇಲೆ ಜಾರಿಸಿಕೊಂಡು ಮೇಲ್ಮೈಗೆ, ಗಾಳಿಯಿರುವಲ್ಲಿಗೆ, ತಂದುಬಿಡುತ್ತದೆ. ಈ ಇಡೀ ಬರಹದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಉಪಾಯ ಇದೇ: ಯಾವ ಯಂತ್ರವೂ ಇಲ್ಲದೆ, ಯಾರೂ ಕಾಯುತ್ತ ಕೂರದೆ, ಕೊಲ್ಲಬಹುದಾದ ನೀರೇ ಆಮೆಯನ್ನು ಉಸಿರಿನ ಕಡೆಗೆ ಎತ್ತುತ್ತದೆ.

ಬಲೆಗೆ ದೊಡ್ಡ ಶತ್ರು ಪಾಚಿ ಮತ್ತು ಜೆಲ್ಲಿಮೀನು. ಅವು ಹಿಂಡುಹಿಂಡಾಗಿ ಬಂದು ಕಣ್ಣುಗಳನ್ನು ಮುಚ್ಚಿದಾಗ ಬಲೆಯ ಮೇಲಿನ ಭಾರ ಏರಿ, ಬೆಂಡುಗಳು ಮುಳುಗಿ, ಮೇಲಂಚು ನೀರಿನಡಿಗೆ ಇಳಿಯುತ್ತದೆ. ಆಮೆಗಳು ಸಲೀಸಾಗಿ ದಾಟಿಹೋಗುತ್ತವೆ ಅಥವಾ ಮಡಿಚಿಕೊಂಡ ಬಲೆಯೊಳಗೆ ಸಿಕ್ಕಿ ಸಾಯುತ್ತವೆ. ನಮ್ಮ ದೇಶದಲ್ಲಿ ತಮಿಳುನಾಡಿನ ಕಲ್ಪಾಕ್ಕಂ ಪರಮಾಣು ಸ್ಥಾವರಕ್ಕೂ ಜೆಲ್ಲಿಮೀನುಗಳ ಕಾಟ ಹೊಸದಲ್ಲ. ಮಳೆಗಾಲ ಮುಗಿದ ಮೇಲೆ, ಕಡಲು ಕಲಕಿದ ಮೇಲೆ, ಬಲೆಯನ್ನು ದಿನವೂ ದೋಣಿಯಲ್ಲಿ ಹೋಗಿ ನೋಡಬೇಕು. ತಿಂಗಳಿಗೊಮ್ಮೆಯಾದರೂ ಮುಳುಗುಗಾರರು ಬುಡದ ಅಂಚನ್ನು ಕೈಯಿಂದ ತಡವಿ, ತೂತು ಅಥವಾ ತಳದ ಮಣ್ಣು ಕೊರೆದ ಜಾಗವಿದೆಯೇ ಎಂದು ಪರೀಕ್ಷಿಸಬೇಕು. ಪೈಪುಗಳಲ್ಲಿ ಚಿಪ್ಪುಜೀವಿ ಬೆಳೆಯದಂತೆ ಕ್ಲೋರಿನ್ ಹಾಕುವ ಸ್ಥಾವರಗಳು ಅದನ್ನು ಬಲೆಯ ಆಚೆ, ಪಂಪ್‌ಗಳ ಕಡೆಯಲ್ಲೇ ಹಾಕಬೇಕು. ಆಮೆಗಳು ಉಳಿಯುವ ನೀರಿಗೆ ಅದು ಸೇರಬಾರದು.

ಕಾಲುವೆಯಿಂದ ಹಿಡಿದು ತೆಗೆಯುವುದು

ಕಾಲುವೆಯಲ್ಲಿ ತೇಲುವ ಆಮೆಗೆ ಉಸಿರಿಗೆ ತೊಂದರೆಯಿಲ್ಲದಿದ್ದರೂ ಅಲ್ಲಿ ಮೇವು ಸಾಲದು, ಹೊರದಾರಿಯಿಲ್ಲ, ಮೊಟ್ಟೆಯಿಡಲು ಬಂದ ಹೆಣ್ಣಾಮೆಯಾದರೆ ತೀರ ತಲುಪಲಾಗದೆ ಒದ್ದಾಡುತ್ತದೆ. ಆದ್ದರಿಂದ ಬಂದ ದಿನವೇ ತೆಗೆಯುವ ಗುರಿ ಇರಬೇಕು.

ಸೇಂಟ್ ಲೂಸಿಯಲ್ಲಿ ಇದಕ್ಕೆ ಬಳಸುವುದು ದೊಡ್ಡ ಕಣ್ಣಿನ ತೊಡಕುಬಲೆ. ಕಣ್ಣು ದೊಡ್ಡದಿರುವುದರಿಂದ ಮೀನು ಸಿಗುವುದಿಲ್ಲ, ಆಮೆಯ ಈಜುಗಾಲು ಮಾತ್ರ ಸಿಕ್ಕಿಕೊಳ್ಳುತ್ತದೆ. ಈ ಬಲೆಯ ಮೇಲಂಚಿಗೆ ಬೆಂಡುಗಳಿರುತ್ತವೆ. ಕೆಳಂಚಿಗೆ ಮಾತ್ರ ಮೀನುಬಲೆಗೆ ಹಾಕುವಂತೆ ಭಾರವಾದ ಗುಂಡುಗಳನ್ನು ಹಾಕುವುದಿಲ್ಲ. ಸಿಕ್ಕಿದ ಆಮೆ ಬಲೆಯನ್ನೇ ಎತ್ತಿಕೊಂಡು ಮೇಲೆ ಬಂದು ಉಸಿರಾಡಬೇಕು ಎಂಬುದೇ ಇದರ ಉದ್ದೇಶ. ಹಿಂದೆ ಬಲೆಯನ್ನು ರಾತ್ರಿಯೆಲ್ಲ ಬಿಟ್ಟಿರುತ್ತಿದ್ದರು. 1990ರಿಂದ ಬಲೆ ನೀರಿನಲ್ಲಿರುವಷ್ಟು ಹೊತ್ತೂ ಜನ ನಿಂತು ನೋಡುವ ಕ್ರಮ ಬಂತು. ಇದು ರಾಜಿಯಿಲ್ಲದೆ ಪಾಲಿಸಬೇಕಾದ ನಿಯಮ. ಕಾಯುವವರಿಲ್ಲದಿದ್ದರೆ ಬಲೆ ನೀರಿಗಿಳಿಯಬಾರದು.

ಬೆಂಡುಗಳ ಸಾಲಿನಲ್ಲಿ ಒಂದೆರಡು ಬೆಂಡುಗಳು ಇದ್ದಕ್ಕಿದ್ದಂತೆ ಕುಣಿಯತೊಡಗಿದರೆ ಆಮೆ ಬಿದ್ದಿದೆ ಎಂದರ್ಥ. ದೋಣಿಯನ್ನು ನೀರಿನ ಹರಿವಿನ ಕೆಳಗಿನಿಂದ ನಿಧಾನವಾಗಿ ತಂದು, ಬಲೆಯನ್ನು ಎಳೆದು ತೆಗೆಯದೆ, ಆಮೆಯನ್ನು ಬಲೆಸಮೇತ ದೋಣಿಯ ಪಕ್ಕಕ್ಕೆ ತಂದು ಮೊದಲು ಅದರ ತಲೆಯನ್ನು ನೀರಿನಿಂದ ಮೇಲೆ ಹಿಡಿಯಬೇಕು. ಅದು ಬಾಯಿ ತೆರೆದು, ಕತ್ತು ಚಾಚಿ, ಒಂದು ದೊಡ್ಡ ನಿಟ್ಟುಸಿರಿನಂಥ ಸದ್ದಿನೊಂದಿಗೆ ಉಸಿರು ಬಿಟ್ಟು ಎಳೆದುಕೊಳ್ಳುವುದು ಎದುರಿಗೇ ಕೇಳಿಸುತ್ತದೆ. ಆ ಸದ್ದು ಕೇಳಿದ ಮೇಲೆ ಗಂಟು ಬಿಡಿಸುವ ಕೆಲಸ. ಎತ್ತುವಾಗ ಒಂದು ಕೈ ಕತ್ತಿನ ಹಿಂದೆ ಚಿಪ್ಪಿನ ಮುಂದಂಚಿನಲ್ಲಿ, ಇನ್ನೊಂದು ಕೈ ಬಾಲದ ಮೇಲಿನ ಹಿಂದಂಚಿನಲ್ಲಿ ಇರಬೇಕು. ಈಜುಗಾಲನ್ನು ಹಿಡಿದು ಎಳೆದರೆ ಕೀಲು ತಪ್ಪುತ್ತದೆ. ಕೊಕ್ಕಿನ ಮುಂದೆ ಬೆರಳು ಇಟ್ಟರೆ ಬೆರಳಿಗೆ ಅಪಾಯ. ದೋಣಿಯಲ್ಲಿ ಹಳೆಯ ಟೈರಿನ ಮೇಲೆ ಅಥವಾ ಸ್ಪಂಜಿನ ಹಾಸಿನ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಬೇಕು. ಮಗುಚಿ ಅಂಗಾತ ಮಲಗಿಸಬಾರದು, ಏಕೆಂದರೆ ಆಮೆಯ ಶ್ವಾಸಕೋಶ ಬೆನ್ನಚಿಪ್ಪಿನ ಅಡಿಯಲ್ಲೇ ಇದೆ. ಅಂಗಾತ ಮಾಡಿದರೆ ಕರುಳು, ಯಕೃತ್ತುಗಳ ಭಾರವೆಲ್ಲ ಅದರ ಮೇಲೆ ಬೀಳುತ್ತದೆ.

ನೀರು ತಿಳಿಯಾಗಿದ್ದರೆ ಮುಳುಗುಗಾರರು ಕೈಯಿಂದಲೂ, ಸಣ್ಣ ಆಮೆಗಳನ್ನು ಹಿಡಿಕೆಬಲೆಯಿಂದಲೂ ತೆಗೆಯಬಹುದು. ಈ ಕೆಲಸಕ್ಕೆ ಊರಿನ ಮೀನುಗಾರರನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಬಲೆಯ ಗಂಟು ಬಿಡಿಸುವ ಕೈಚಳಕ ಅವರಿಗಿರುವಷ್ಟು ಬೇರಾರಿಗೂ ಇರುವುದಿಲ್ಲ.

ಉಸಿರಿಲ್ಲದಂತೆ ಕಂಡ ಆಮೆ

ಸರಳಿನಿಂದಲೋ ಬಲೆಯಿಂದಲೋ ತೆಗೆದ ಆಮೆ ಅಲುಗದೆ ಬಿದ್ದಿದ್ದರೆ ಸತ್ತಿದೆ ಎಂದು ಕೈಬಿಡಬಾರದು. ಮೈ ಸೆಟೆದುಕೊಂಡಿದ್ದರೆ ಅಥವಾ ಕೊಳೆಯಲು ಆರಂಭವಾಗಿದ್ದರೆ ಮಾತ್ರ ಸತ್ತಿದೆ ಎಂದು ತೀರ್ಮಾನಿಸಬೇಕು. ಉಳಿದಂತೆ ಅದನ್ನು ಹೊಟ್ಟೆ ಕೆಳಗಾಗಿಯೇ ಮಲಗಿಸಿ, ಹಿಂಭಾಗವನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ, 4ರಿಂದ 24 ಗಂಟೆಗಳವರೆಗೆ ಹಾಗೆಯೇ ಇಡಬೇಕು. ಶ್ವಾಸಕೋಶಕ್ಕೆ ನುಗ್ಗಿದ ನೀರು ಬಾಯಿ ಮೂಗುಗಳಿಂದ ಇಳಿದುಹೋಗುತ್ತದೆ. ಆಮೆ ದೊಡ್ಡದಾದಷ್ಟೂ ಹೆಚ್ಚು ಎತ್ತರ ಬೇಕು. ಆಗಾಗ ಚಿಪ್ಪಿನ ಅಂಚನ್ನು ಹಿಡಿದು ಒಂದು ಬದಿಯನ್ನು ಸುಮಾರು 7.5 ಸೆಂಟಿಮೀಟರ್ ಎತ್ತಿ ಇಳಿಸಿ, ಬಳಿಕ ಇನ್ನೊಂದು ಬದಿಯನ್ನು ಎತ್ತಿ ಇಳಿಸಿ, ತೊಟ್ಟಿಲು ತೂಗಿದಂತೆ ಮೆಲ್ಲಗೆ ತೂಗಬೇಕು. ನಡುನಡುವೆ ಕಣ್ಣನ್ನು ಹಗುರವಾಗಿ ಮುಟ್ಟಿ, ಬಾಲವನ್ನು ಚಿವುಟಿ, ಪ್ರತಿಕ್ರಿಯೆ ಇದೆಯೇ ಎಂದು ನೋಡಬೇಕು. ನೆರಳಿನಲ್ಲಿಟ್ಟು, ನೀರಿನಲ್ಲಿ ನೆನೆಸಿದ ಟವೆಲನ್ನು ತಲೆ, ಚಿಪ್ಪು, ಈಜುಗಾಲುಗಳ ಮೇಲೆ ಹೊದಿಸಬೇಕು. ನೀರು ತುಂಬಿದ ತೊಟ್ಟಿಗೆ ಇಳಿಸಬಾರದು. ಪ್ರಜ್ಞೆಯಿಲ್ಲದ ಆಮೆ ಅದರಲ್ಲಿ ಮುಳುಗಿ ಸಾಯುತ್ತದೆ.

ಅಮೆರಿಕದ ಮೀನುಗಾರಿಕಾ ನಿಯಮಗಳಲ್ಲಿ ದೋಣಿಯವರೆಲ್ಲ ಪಾಲಿಸಬೇಕಾದ ವಿಧಾನವಾಗಿ ಇದನ್ನು ಬರೆದಿಟ್ಟಿದ್ದಾರೆ. ಪಂಪ್‌ಹೌಸಿನ ಗೋಡೆಯ ಮೇಲೆ ಕನ್ನಡದಲ್ಲಿ, ಚಿತ್ರಸಹಿತ, ಒಂದು ಫಲಕ ಹಾಕಿಸಿದರೆ ರಾತ್ರಿ ಎರಡು ಗಂಟೆಗೆ ಒಬ್ಬನೇ ಇರುವ ಆಪರೇಟರನಿಗೂ ಏನು ಮಾಡಬೇಕೆಂದು ತಿಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಇದನ್ನು ಮಾಡುವುದಾದರೆ

ಭಾರತದ ನೀರಿನಲ್ಲಿ ಆಲಿವ್ ರಿಡ್ಲಿ, ಹಸಿರು ಆಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್, ಲಾಗರ್‌ಹೆಡ್ ಎಂಬ ಐದು ಜಾತಿಗಳಿವೆ. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯ ಮರಳಿಗೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಸಮುದ್ರದ ನೀರನ್ನೇ ಬಳಸುತ್ತದೆ, ಆದ್ದರಿಂದ ಈ ವಿಷಯ ನಮ್ಮವರಿಗೆ ದೂರದ್ದಲ್ಲ. ಕೈಗಾದ ಸ್ಥಾವರ ಕದ್ರಾ ಜಲಾಶಯದ ಸಿಹಿನೀರನ್ನು ಬಳಸುವುದರಿಂದ ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಆದ್ದರಿಂದ ಅವನ್ನು ಹಿಡಿಯುವುದು, ಅಳೆಯುವುದು, ಗುರುತು ಹಾಕುವುದು ಎಲ್ಲವಕ್ಕೂ ಅನುಮತಿ ಬೇಕು. ಆಮೆ ಸಿಕ್ಕ ದಿನ ಅನುಮತಿಗೆ ಅರ್ಜಿ ಬರೆಯುತ್ತ ಕೂರುವಂತಾಗಬಾರದು. ಸ್ಥಾವರ ನೀರು ಸೇದಲು ಆರಂಭಿಸುವ ಮೊದಲೇ ಅರಣ್ಯ ಇಲಾಖೆಯೊಂದಿಗೆ ಕುಳಿತು, ಯಾರು ಹಿಡಿಯುತ್ತಾರೆ, ಯಾವ ಪಶುವೈದ್ಯರು ಬರುತ್ತಾರೆ, ಗಾಯಗೊಂಡ ಆಮೆಯನ್ನು ಎಲ್ಲಿ ಇಡುತ್ತಾರೆ, ಸತ್ತದ್ದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದನ್ನೆಲ್ಲ ಬರಹದಲ್ಲಿ ಇತ್ಯರ್ಥ ಮಾಡಿಕೊಂಡಿರಬೇಕು. ಆಮೆಗಳು ಮೊಟ್ಟೆಯಿಡುವ ಜಾಗಗಳು ಕರಾವಳಿ ನಿಯಂತ್ರಣ ವಲಯದ ಅತ್ಯಂತ ಸೂಕ್ಷ್ಮ ವರ್ಗದಲ್ಲಿ ಸೇರಿವೆ ಎಂಬುದನ್ನು ಇಂಟೇಕಿನ ಜಾಗ ಆರಿಸುವಾಗಲೇ ಗಮನಿಸಬೇಕು.

ಇಂಟೇಕಿನ ಹತ್ತಿರದ ದೀಪಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮರಳಿನಿಂದ ಹೊರಬಂದ ಮರಿಗಳು ಬೆಳಕಿನ ಕಡೆಗೆ ತೆವಳುತ್ತವೆ. ಸ್ಥಾವರದ ಬಿಳಿ ದೀಪ ಕಡಲಿಗಿಂತ ಪ್ರಖರವಾಗಿದ್ದರೆ ದಾರಿ ತಪ್ಪುತ್ತವೆ. ಕಡಲಿಗೆ ಮುಖಮಾಡಿದ ದೀಪಗಳನ್ನು ತಗ್ಗಿಸಿ, ಮರೆಮಾಡಿ, 560 ನ್ಯಾನೋಮೀಟರಿಗಿಂತ ಹೆಚ್ಚಿನ ತರಂಗಾಂತರದ ಕಿತ್ತಳೆ ಅಥವಾ ಕೆಂಪು ಬೆಳಕಿಗೆ ಬದಲಿಸಬೇಕು. ಸರಳುಗಳ ಕಾವಲಿಗೆ ಬೇಕಾದ ದೀಪವೂ ನೀರಿನ ಮೇಲೆ ಮಾತ್ರ ಬೀಳಬೇಕು, ದಂಡೆಯಿಂದ ಕಾಣಬಾರದು.

ದಾಖಲೆ ಮತ್ತು ಬಿಡುಗಡೆ

ಹಿಡಿದ ಪ್ರತಿ ಆಮೆಗೂ ಒಂದು ಪುಟ ಇರಬೇಕು. ಜಾತಿ, ಸಿಕ್ಕ ಜಾಗ ಮತ್ತು ಹೊತ್ತು, ಎಷ್ಟು ಪಂಪ್‌ಗಳು ನಡೆಯುತ್ತಿದ್ದವು, ನೀರಿನ ತಾಪ, ಚಿಪ್ಪಿನ ನೇರ ಉದ್ದ ಮತ್ತು ಅಗಲ, ತೂಕ, ಹಳೆಯ ಗಾಯ ಯಾವುದು ಹೊಸ ಗಾಯ ಯಾವುದು, ಮೈಮೇಲೆ ಗಡ್ಡೆಗಳಿವೆಯೇ, ಎಲ್ಲವನ್ನೂ ಬರೆದು, ಮೇಲಿನಿಂದ ಕೆಳಗಿನಿಂದ ಫೋಟೋ ತೆಗೆಯಬೇಕು. ಹಸಿರು ಆಮೆಗಳ ಕಣ್ಣಿನ ಸುತ್ತ, ಕತ್ತಿನಲ್ಲಿ ಕಾಣುವ ಗಡ್ಡೆಗಳು ಫೈಬ್ರೊಪ್ಯಾಪಿಲೊಮ ಎಂಬ ರೋಗದವು. ಅಂಥದನ್ನು ಹಿಡಿದ ಬಲೆ, ಕೈಗವಸು, ಹಾಸುಗಳನ್ನು ತೊಳೆಯದೆ ಇನ್ನೊಂದಕ್ಕೆ ಬಳಸಬಾರದು. ಅನುಮತಿಯಿದ್ದರೆ ಮುಂದಿನ ಈಜುಗಾಲಿನ ಹಿಂದಂಚಿಗೆ ಲೋಹದ ಟ್ಯಾಗನ್ನೂ ಚರ್ಮದಡಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಯಂತ್ರದಿಂದ ಓದಬಹುದಾದ ಗುರುತುಸಂಖ್ಯೆಯಿರುವ ಪಿಟ್ ಟ್ಯಾಗನ್ನೂ ಹಾಕಬೇಕು. ಸತ್ತ ಆಮೆಯ ಪುಟವನ್ನು ಇನ್ನೂ ಎಚ್ಚರಿಕೆಯಿಂದ ತುಂಬಬೇಕು, ಏಕೆಂದರೆ ಅದು ಇಲ್ಲಿ ಸತ್ತದ್ದೋ ಹೊರಗಿನಿಂದ ಸತ್ತೇ ಬಂದದ್ದೋ ಎಂಬುದರ ಮೇಲೆ ಮುಂದಿನ ತಿದ್ದುಪಡಿ ನಿಂತಿರುತ್ತದೆ.

ಆರೋಗ್ಯವಾಗಿರುವ ಆಮೆಯನ್ನು ಅದೇ ದಿನ ಬಿಡಬೇಕು. ಗಾಯಗೊಂಡದ್ದು ಪಶುವೈದ್ಯರ ಬಳಿಗೆ. ಬಿಡುವಾಗ ಇಂಟೇಕಿನ ಬಾಯಿಯ ಎದುರಿಗೇ ಬಿಡದೆ, ನೀರಿನ ಹರಿವು ಯಾವ ಕಡೆಗಿದೆ ಎಂದು ನೋಡಿ, ಅದು ಬಾಯಿಯಿಂದ ದೂರ ಒಯ್ಯುವ ಕಡೆಯಲ್ಲಿ ಮರಳಿನ ಮೇಲೆ ಇಳಿಸಿ, ತಾನಾಗಿ ತೆವಳಿ ಅಲೆಗೆ ಸೇರಲು ಬಿಡಬೇಕು. ಹೀಗೆ ಬಿಟ್ಟರೂ ಸೇಂಟ್ ಲೂಸಿಯಲ್ಲಿ ಟ್ಯಾಗ್ ಹಾಕಿದ ಆಮೆಗಳು ಮತ್ತೆಮತ್ತೆ ಅದೇ ಕಾಲುವೆಗೆ ಬಂದಿವೆ, ಕೆಲವಂತೂ ಹಲವು ಸಲ. ಅಂಥ ಆಮೆ ಸಿಕ್ಕಾಗ ಹಳೆಯ ಪುಟವನ್ನು ತೆರೆದು, ಕಳೆದ ಬಾರಿ ಎಲ್ಲಿ ಬಿಟ್ಟಿದ್ದೆವು, ಎಷ್ಟು ದಿನದಲ್ಲಿ ಮರಳಿತು, ಈ ನಡುವೆ ಎಷ್ಟು ಬೆಳೆದಿದೆ, ಹೊಸ ಗೀರುಗಳಿವೆಯೇ ಎಂದು ಹೋಲಿಸಿ ಬರೆದು, ಈ ಸಲ ಇನ್ನಷ್ಟು ದೂರದಲ್ಲಿ ಬಿಡಬೇಕು.